ಮೂರು ಕಾಲಿನ ಪುಟ್ಟ ಕೂರಿಗೆ

ಚಿಕ್ಕಪ್ಪ ಮರ ಕೆತ್ತುವ ಬಾಚಿ ಹಿಡಿದು ಜಗಲಿಯ ಮೇಲೆ ಕೂತರೆ ನಮಗೆ ಹಸಿವೆ ಮರೆತುಹೋಗುತ್ತಿತ್ತು. ಶಾಗ್ಯದ ನಮ್ಮ ಮನೆಯಲ್ಲಿ ಆಗ ಮಕ್ಕಳದೇ ಒಂದು ದಂಡು. ಹಾಲುವಾಣದ ಮೆತ್ತನೆಯ ಮರ ಅವರ ಕೈಯಲ್ಲಿ ತಿರುಗುತ್ತಾ ನೊಗವಾಗುತ್ತದೋ ಚಕ್ರವಾಗುತ್ತದೋ ಎಂದು ನಾವು ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದೆವು. ನೇಗಿಲು, ಕುಂಟೆ, ಕಣದ ಗುಂಡು, ಬಾವಿಯ ಕಪಿಲೆ, ಹೊಲದಲ್ಲಿ ಇದ್ದದ್ದೆಲ್ಲ ನಮ್ಮ ಅಂಗಳದಲ್ಲಿ ಗೇಣುದ್ದವಾಗಿ ಇರುತ್ತಿತ್ತು. ಕೊಳ್ಳೇಗಾಲದಲ್ಲಿ ಟ್ರ್ಯಾಕ್ಟರ್ ನೋಡಿ ಬಂದ ಚಿಕ್ಕಪ್ಪ ನೂಲಿನ ರೀಲು, ಹಳೇ ಚಪ್ಪಲಿಯ ಅಟ್ಟೆ ಸೇರಿಸಿ ನನಗೊಂದು ಟ್ರ್ಯಾಕ್ಟರ್ ಮಾಡಿಕೊಟ್ಟರು.

"ಎಣ್ಣು ಕೂಸ್ಗೆ ಟ್ರ್ಯಾಕ್ಟ್ರು ಕೊಟ್ಟಿದ್ದೀಯೆ, ನಾಳಿಕೆ ಮೀಸೇನೂ ಅಂಟುಸ್ತೀಯೇನ್ಲಾ?" ಅಂದಳು ಅಜ್ಜಿ.

"ಮೀಸೆ ನಿನ್ಗೇ ಅದಲ್ಲವ್ವ, ಅವ್ಳಿಗ್ಯಾಕೆ" ಅಂದರು ಚಿಕ್ಕಪ್ಪ. ಚಿಕ್ಕಮ್ಮ ಒಲೆ ಮುಂದೆ ಕೂತವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಅವರಿಬ್ಬರಿಗೆ ಮಕ್ಕಳಿರಲಿಲ್ಲ. ಬಿತ್ತನೆಯ ದಿನ ಮಾತ್ರ ಅವರನ್ನು ನೋಡಬೇಕಿತ್ತು. ಚಿಕ್ಕಪ್ಪ ಎತ್ತು ಹೊಡೆಯುತ್ತಾ ಬಿತ್ತುವ ಕೂರಿಗೆ ಹಿಡಿದು ನಡೆಯುವರು. ಚಿಕ್ಕಮ್ಮ ಮಡಿಲಲ್ಲಿ ರಾಗಿ ಕಟ್ಟಿಕೊಂಡು ಪಕ್ಕದಲ್ಲೇ ನಡೆಯುತ್ತಾ ಕೂರಿಗೆಯ ಬಟ್ಟಲಿಗೆ ಕಾಳು ಬಿಡುತ್ತಿದ್ದಳು. ಬಟ್ಟಲಿನಿಂದ ಮೂರು ಬಿದಿರ ಕೊಳವೆಗಳಲ್ಲಿ ಇಳಿದ ಕಾಳು ಮೂರು ಸಾಲಾಗಿ ಮಣ್ಣು ಸೇರಬೇಕು. ಹಿಡಿಯಿಂದ ಒಂದೇ ಸಮನೆ ಜಾರಬೇಕು, ಮನಸ್ಸು ಅತ್ತಿತ್ತ ಹೋದರೆ ಸಾಲು ತಪ್ಪಿತೆಂದೇ ಲೆಕ್ಕ. ಮೊಳಕೆ ಬಂದ ಮೇಲೆ ಅಜ್ಜಿ ಹೊಲಕ್ಕೆ ಹೋಗಿ ಎಲ್ಲಿ ಪೈರು ಇಲ್ಲವೋ ಅಲ್ಲಿ ನಿಂತು, "ಇಲ್ಲಿ ಜಗಳ ಆಡಿದ್ದೀರಿ ಕಣ್ಲಾ" ಅನ್ನುವಳು. ಬಹಳ ಸಲ ಅದು ನಿಜವೇ ಆಗಿರುತ್ತಿತ್ತು.

ನಾನು ಶಾಲೆಗೆ ಸೇರಿದ ಮೇಲೆ ಚಿಕ್ಕಮ್ಮ ಬಸುರಿಯಾದಳು. ಹೆರಿಗೆಗೆ ಕೌದಳ್ಳಿಯ ತವರಿಗೆ ಹೋದಳು. ಕೂಸು ಬರುವ ಮೊದಲು ಅದಕ್ಕೆಂದು ಏನನ್ನೂ ಮಾಡಿಡಬಾರದು ಅನ್ನುವುದು ನಮ್ಮ ಕಡೆಯ ರೂಢಿ. ತೊಟ್ಟಿಲಿಗೆ ಕಟ್ಟುವ ಹಗ್ಗವನ್ನು ಕೂಡ ಆಮೇಲೆಯೇ ಹುಡುಕುತ್ತಾರೆ. ಚಿಕ್ಕಪ್ಪ ಅದೇ ದಿನಗಳಲ್ಲಿ ಒಂದು ಕೂರಿಗೆ ಮಾಡಲು ಕೂತರು. ನಮ್ಮವಕ್ಕೆಲ್ಲ ಹಾಲುವಾಣವಾದರೆ ಇದಕ್ಕೆ ಜಾಲಿ, ದೊಡ್ಡ ಕೂರಿಗೆಗೆ ಹಾಕುವಂಥದೇ. ಅಂಗೈಯಲ್ಲಿ ಕೂರುವ ಬಟ್ಟಲು, ಅದಕ್ಕೆ ಮೂರು ತೂತು, ಬೆರಳಿನಷ್ಟು ಸಣ್ಣ ಕೊಳವೆಗಳು. ಎಣ್ಣೆ ಹಚ್ಚಿ ಹಚ್ಚಿ ಉಜ್ಜಿದರು.

"ಯಾರ್ಗ್ಲಾ ಇದು?" ಅಂತ ಅಜ್ಜಿ ಕೇಳಿದಳು.

"ಯಾರ್ಗೂ ಇಲ್ಲ ಕಣವ್ವ, ಸುಮ್ನೆ."

ನಾವು ಗೋಗರೆದರೂ ಮುಟ್ಟಲು ಕೊಡಲಿಲ್ಲ. ಅಜ್ಜಿಗೆ ಅರ್ಥವಾಗಿರಬೇಕು, ಆವತ್ತು ಅವಳು ತಮಾಷೆ ಮಾಡಲಿಲ್ಲ.

ಅದನ್ನು ಚೀಲದಲ್ಲಿಟ್ಟುಕೊಂಡು ಚಿಕ್ಕಪ್ಪ ಕೌದಳ್ಳಿಗೆ ಹೋದರಂತೆ. ಚಿಕ್ಕಮ್ಮ ನೋಡಿದವಳೇ, "ಇದ ಯಾಕ್ ತಂದ್ರಿ? ಮೊದ್ಲು ತಕಂಡೋಗಿ" ಅಂದಳಂತೆ. ಚಿಕ್ಕಪ್ಪ ಅದನ್ನು ವಾಪಸು ತಂದು ಅಟ್ಟದ ಮೇಲಿಟ್ಟರು. ವಾರ ಕಳೆಯುವುದರೊಳಗೆ ಅಲ್ಲಿಂದ ಸುದ್ದಿ ಬಂತು. ಗಂಡು ಕೂಸು. ಹುಟ್ಟಿತು, ಅಳಲೇ ಇಲ್ಲ.

ಚಿಕ್ಕಮ್ಮ ತಿರುಗಿ ಬಂದಳು. ನಮ್ಮೊಂದಿಗೆ ಮೊದಲಿನಂತೆಯೇ ಇದ್ದಳು, ತಲೆ ಬಾಚುವಳು, ಮುದ್ದೆ ಕಟ್ಟಿಕೊಡುವಳು. ಗಂಡನಿಗೆ ಮಾತ್ರ "ಉಣ್ಣಕ್ಕೆ ಇಕ್ಕಿವ್ನಿ" ಅನ್ನುವಷ್ಟೇ ಮಾತು. ಬಿತ್ತನೆ ಬಂದಾಗ "ಕೈ ನೋಯ್ತದೆ" ಅಂದು ಮನೆಯಲ್ಲೇ ಉಳಿದಳು. ಸೊಂಟ ಬಗ್ಗಿದ ಅಜ್ಜಿಯೇ ಹೋಗಿ ಕಾಳು ಬಿಟ್ಟಳು. ಸಾಲು ಹೇಗೆ ಬಂತು ಎಂದು ಆ ವರ್ಷ ಯಾರೂ ಆಡಲಿಲ್ಲ. ನನ್ನ ಟ್ರ್ಯಾಕ್ಟರಿನ ಚಕ್ರ ಕಳಚಿತು. ಸರಿ ಮಾಡಿಕೊಡಿ ಅಂದರೆ ಚಿಕ್ಕಪ್ಪ, "ಬಾಚಿ ಮೊಂಡಾಗದೆ ಕಣವ್ವ" ಅಂದರು. ಮೊಂಡಾದ ಬಾಚಿಯನ್ನು ಮಸೆಯುವುದು ಅವರಿಗೆ ಎಷ್ಟು ಹೊತ್ತಿನ ಕೆಲಸ!

ಮುಂದಿನ ಬಿತ್ತನೆಗೆ ಬೀಜದ ರಾಗಿಯ ಮಡಕೆ ಇಳಿಸಬೇಕಿತ್ತು. ನಾನು ಏಣಿ ಹಿಡಿದುಕೊಂಡಿದ್ದೆ. ಅಟ್ಟ ಹತ್ತಿದ ಚಿಕ್ಕಮ್ಮ ಬಹಳ ಹೊತ್ತು ಇಳಿಯಲಿಲ್ಲ. ಇಳಿದಾಗ ಮಡಕೆ ಸೊಂಟದಲ್ಲಿತ್ತು, ಪುಟ್ಟ ಕೂರಿಗೆ ಕೈಯಲ್ಲಿತ್ತು. ಹಿತ್ತಲಿಗೆ ಹೋಗಿ ಕೂತು ಸೆರಗಿನಲ್ಲಿ ಅದರ ಧೂಳು ಒರೆಸಿದಳು. ಮಡಕೆಯಿಂದ ಒಂದು ಹಿಡಿ ರಾಗಿ ತೆಗೆದು ಬಟ್ಟಲಿಗೆ ಬಿಟ್ಟು, ಮಣ್ಣಿನ ಮೇಲೆ ಎಳೆದಳು. ಒಂದು ಕೊಳವೆಯಲ್ಲಿ ಕಾಳು ಬಿತ್ತು, ಎರಡರಲ್ಲಿ ಬೀಳಲಿಲ್ಲ.

ಎತ್ತಿನ ಮೈ ತೊಳೆದು ಬಂದ ಚಿಕ್ಕಪ್ಪ ಹಿತ್ತಲ ಬಾಗಿಲಲ್ಲೇ ನಿಂತುಬಿಟ್ಟರು. ಚಿಕ್ಕಮ್ಮ ತಲೆ ಎತ್ತದೆ, "ಎರಡ್ರಲ್ಲಿ ಬೀಳ್ತಾ ಇಲ್ಲ" ಅಂದಳು.

ಚಿಕ್ಕಪ್ಪ ಪೊರಕೆಯಿಂದ ಒಂದು ಕಡ್ಡಿ ಮುರಿದು ತಂದು ಕುಕ್ಕರಗಾಲಲ್ಲಿ ಕೂತರು. ಕಣಜದ ಹುಳ ಕೊಳವೆಯೊಳಗೆ ಮಣ್ಣಿನ ಗೂಡು ಕಟ್ಟಿತ್ತು. ಚುಚ್ಚಿ ಚುಚ್ಚಿ ಅಷ್ಟನ್ನೂ ಉದುರಿಸಿ, "ಈಗ ಬುಡು" ಅಂದರು. ಅವರು ಕೂರಿಗೆಗೊಂದು ದಾರ ಕಟ್ಟಿ ಎಳೆದರು. ಅವಳು ಬಗ್ಗಿ ನಡೆಯುತ್ತಾ ಕಾಳು ಬಿಟ್ಟಳು. ಹಿತ್ತಲ ಗೋಡೆ ಎಷ್ಟು ದೂರ, ಬೇಗ ಬಂದುಬಿಟ್ಟಿತು.

"ಕೂಸು ಉಟ್ಟಕ್ ಮುಂಚೆ ಯಾಕ್ ಮಾಡುದ್ರಿ ಇದ?" ಅಂದಳು ಚಿಕ್ಕಮ್ಮ.

ಚಿಕ್ಕಪ್ಪ ಗೋಡೆಯ ಕಡೆಗೇ ಮುಖ ಮಾಡಿದ್ದರು. "ತಡ್ಕಳಕ್ ಆಗ್ನಿಲ್ಲ ಕಣೆ."

ಅವಳು ಹಿಡಿಯಲ್ಲಿ ಉಳಿದ ಕಾಳನ್ನು ಮಡಕೆಗೆ ಸುರಿದು ಒಳಗೆ ಹೋದಳು. ಕೂರಿಗೆಯನ್ನು ಒರೆಸಿ ಮತ್ತೆ ಅಟ್ಟದ ಮೇಲೆ ತಾನೇ ಇಟ್ಟಳು.

ಬಿತ್ತನೆಯ ದಿನ ಎಲ್ಲರಿಗಿಂತ ಮೊದಲು ಮಡಿಲು ಕಟ್ಟಿಕೊಂಡು ಹೊರಟವಳು ಚಿಕ್ಕಮ್ಮನೇ. ಮೊಳಕೆ ಬಂದ ಮೇಲೆ ಅಜ್ಜಿ ನನ್ನ ಹೆಗಲು ಹಿಡಿದುಕೊಂಡು ಹೊಲಕ್ಕೆ ಹೋದಳು. ಸಾಲುಗಳು ಚೆನ್ನಾಗಿ ಬಂದಿದ್ದವು. ಹೊಲದ ನಡುವೆ ಒಂದು ಕಡೆ ಮಾತ್ರ, ಮೂರು ಸಾಲಲ್ಲೂ, ಒಬ್ಬರು ಮಲಗುವಷ್ಟು ಉದ್ದ ಬರೀ ಮಣ್ಣು. ಅಲ್ಲಿಗೆ ಬಂದಾಗ ಚಿಕ್ಕಮ್ಮನ ಕೈಯಿಂದ ಕಾಳು ಜಾರಿರಲೇ ಇಲ್ಲ.

ಅಜ್ಜಿ ನಿಂತು ನೋಡಿದಳು. ಜಗಳದ ಮಾತು ಆಡಲಿಲ್ಲ. ಒತ್ತಾಗಿ ಬಂದಿದ್ದ ಕಡೆಯಿಂದ ಪೈರು ಕಿತ್ತು ತಂದು, ಸೊಂಟ ಹಿಡಿದುಕೊಂಡು, ಆ ಜಾಗದಲ್ಲಿ ಒಂದೊಂದಾಗಿ ನೆಡತೊಡಗಿದಳು.