ಬಳೆ ಸದ್ದಿಗೆ ನಲವತ್ನಾಲ್ಕು ಸಾವಿರ

ಒಪ್ಪಿಕೊಂಡುಬಿಡುತ್ತೇನೆ. ಒಬ್ಬ ಮುತ್ತೈದೆಯ ಬಳೆ ಒಡೆದವನು ನಾನು. ಅದೂ ಕೈ ಸೋಕಿಸದೆ, ಕಂಪ್ಯೂಟರಿನಲ್ಲಿ.

ಕೆ.ಆರ್.ಪೇಟೆ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕ್ಯಾಸೆಟ್ ಅಂಗಡಿಯಲ್ಲಿ ಹಾಡು ರೆಕಾರ್ಡು ಮಾಡುವುದು ನನ್ನ ಕೆಲಸ. ನಾಗಮಂಗಲದ ಭಜನೆಯವರೂ ಬರುತ್ತಾರೆ, ಪಾಂಡವಪುರದ ಹರಿಕಥೆಯವರೂ ಬರುತ್ತಾರೆ. ನಾನು ಓದಿದ್ದು ಏಳನೇ ಕ್ಲಾಸು, ಅದೂ ಪೂರ್ತಿ ಅಲ್ಲ. ಮಾಲೀಕರು ಕಂಪ್ಯೂಟರ್ ತಂದಾಗ ನನಗೆ ತಿಳಿದದ್ದು ಇಷ್ಟೇ: ಹಾಡುವಾಗ ಅದು ಸೆಕೆಂಡಿಗೆ ಇಷ್ಟು ಸಾವಿರ ಸಲ ಸದ್ದನ್ನು ಇಣುಕಿ ನೋಡಿ ಬರೆದಿಟ್ಟುಕೊಳ್ಳುತ್ತದೆ. ಅದಕ್ಕೆ ಸ್ಯಾಂಪಲ್ ರೇಟು ಎನ್ನುತ್ತಾರೆ. ನಲವತ್ನಾಲ್ಕು ಸಾವಿರ ಸಲ ಇಣುಕಿದರೆ ಹಾಡು ಚೊಕ್ಕ, ಆದರೆ ಡಿಸ್ಕು ಭರ್ತಿ. ಹನ್ನೊಂದು ಸಾವಿರಕ್ಕೆ ಇಳಿಸಿದರೆ ಕಾಲು ಭಾಗ ಜಾಗ ಸಾಕು. ನಾನು ಇಳಿಸಿಬಿಡುತ್ತಿದ್ದೆ. ಅಷ್ಟು ಸಲ ಇಣುಕುವುದಕ್ಕೆ ಅದೇನು ಹೆಣ್ಣು ನೋಡುವ ಶಾಸ್ತ್ರವೇ?

ಆಗ ಬಂದರು ಕಿಕ್ಕೇರಿಯ ನಿಂಗಮ್ಮ. ಮದುವೆಗಳಲ್ಲಿ ಸೋಬಾನೆ ಹಾಡುವವರು. ಅಕ್ಕಿಹೆಬ್ಬಾಳಿನಲ್ಲಿ ಅವರ ತಂಗಿಯ ಮಗಳ ಮದುವೆ. ಗಂಡ ಬೋರಣ್ಣನಿಗೆ ಎದೆ ಕಾಯಿಲೆ, ಬಿಟ್ಟು ಹೋಗುವಂತಿಲ್ಲ. ಹಾಗಾಗಿ ಅವರ ಬದಲು ಕ್ಯಾಸೆಟ್ ಹೋಗಬೇಕು. ಡಾಕ್ಟರಿಗೆ ತೋರಿಸಿಕೊಂಡು ಜೊತೆಗೇ ಬಂದಿದ್ದ ಬೋರಣ್ಣ ಎದುರಿನ ಅಂಗಡಿಗೆ ಟೀ ಕುಡಿಯಲು ಹೋದರು. ನಾನು ಫ್ಯಾನ್ ಆರಿಸಿದೆ. ನಿಂಗಮ್ಮ ಚಪ್ಪಾಳೆ ತಟ್ಟುತ್ತಾ, ಕೈತುಂಬ ಗಾಜಿನ ಬಳೆ ಗಲಗಲ ಎನ್ನಿಸುತ್ತಾ, ಬೆವರು ಸುರಿಸಿಕೊಂಡು ಹಾಡಿದರು. ಹಾಕಿ ಕೇಳಿಸಿದೆ. ಅವರ ಮುಖ ಕಪ್ಪಾಯಿತು.

"ಲೇ, ನನ್ ಬಳೆ ಎಲ್ಲೋದ್ವಲಾ?"

"ಬಳೆ ಕಟ್ಕಂಡ್ ಏನವ್ವಾ, ಪದ ಚೆಂದಾಗ್ ಬಂದದಲ್ಲ."

"ಬೋಳುಗೈಲಿ ಸೋಬಾನೆ ಆಡ್ತಾರೇನ್ಲಾ? ನಾನಂತೂ ಮದ್ವೇಗೆ ಓಗಂಗಿಲ್ಲ. ಇದ ಕೇಳುದ್ರೆ ನಮ್ಮೆಜಮಾನ್ರು ಓಗೇಬುಟ್ರು ಅಂತ ಚಪ್ರುದಲ್ಲೇ ಅಳಾಕ್ ಸುರು ಮಾಡ್ತಾರೆ!"

ಹೆಡ್‌ಫೋನ್ ಹಾಕಿ ಕೇಳಿದೆ. ಪದ ಇತ್ತು, ಚಪ್ಪಾಳೆ ಇತ್ತು, ಬಳೆ ಮಾತ್ರ ಇಲ್ಲ. ತೀರಾ ತೆಳು ಸದ್ದು ಅದು. ಹನ್ನೊಂದು ಸಾವಿರದ ಇಣುಕಿಗೆ ಸಿಗದೆ ತಪ್ಪಿಸಿಕೊಂಡಿತ್ತು. ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ನನ್ನ ಕಿವಿಗೆ ಗೊತ್ತಾಗಿರಲಿಲ್ಲ.

ನಲವತ್ನಾಲ್ಕಕ್ಕೆ ಏರಿಸೋಣವೆಂದರೆ ಡಿಸ್ಕಿನಲ್ಲಿ ಜಾಗವಿಲ್ಲ. ಅಳಿಸುವಂಥದ್ದು ಒಂದೇ ಇತ್ತು: ಮೂರು ತಿಂಗಳು ಕೂತು ಕೀಬೋರ್ಡಿನಲ್ಲಿ ನಾನೇ ಕಟ್ಟಿದ್ದ ಟ್ಯೂನು. ಅದನ್ನು ಮಾತ್ರ ನಲವತ್ನಾಲ್ಕು ಸಾವಿರದಲ್ಲೇ ಇಟ್ಟುಕೊಂಡಿದ್ದೆ, ನೋಡಿ ನನ್ನ ನಿಯತ್ತು! ಅಳಿಸಿದೆ. ಅದೆಲ್ಲಿ ಎಂದು ಇವತ್ತಿನವರೆಗೂ ಯಾರೂ ಕೇಳಿಲ್ಲ.

ನಿಂಗಮ್ಮ ಮೊದಲಿನಿಂದ ಹಾಡಿದರು. ಈ ಸಲ ಬಳೆ ಒಂದೊಂದೂ ಬಂತು. ಜೊತೆಗೆ, ಟೀ ಮುಗಿಸಿ ಬಂದು ಬಾಗಿಲಾಚೆ ಬೆಂಚಿನಲ್ಲಿ ಕೂತಿದ್ದ ಬೋರಣ್ಣನ ಕೆಮ್ಮೂ ಬಂತು.

"ಕೆಮ್ಮು ತಗದ್ಬುಡ್ತೀನಿ ಇರವ್ವಾ, ಇದ್ರಲ್ಲಿ ಕತ್ತರಿಸ್ಬೋದು."

"ಮುಟ್ಬ್ಯಾಡ ಕಣ್ಲಾ!" ಎಂದು ಕೈ ಹಿಡಿದುಕೊಂಡರು. "ಬಳೆ ಯಾರ್ ಬೇಕಾದ್ರೂ ಆಡಿಸ್ಬೋದು. ನಮ್ಮೆಜಮಾನ್ರು ಬದ್ಕವ್ರೆ ಅಂತ ಗೊತ್ತಾಗ್ಲಿ."

ಬಾಗಿಲಾಚೆಯಿಂದ ದನಿ ಬಂತು: "ಇನ್ನೊಂದ್ ದಪ ಕೆಮ್ಮಬೇಕೇನಮ್ಮಿ?"

ಬೇಡದ ಸದ್ದು ತೆಗೆದರೆ ಹಾಡು ಚೊಕ್ಕವಾಗುತ್ತದೆ ಅಂದುಕೊಂಡಿದ್ದೆ. ಈಗಲೂ ತೆಗೆಯುತ್ತೇನೆ. ಆದರೆ ಬೇಡದ್ದು ಯಾವುದು ಅಂತ ಮೊದಲು ಹಾಡಿದವರನ್ನು ಕೇಳುತ್ತೇನೆ.