ಬ್ರೇಕಿಲ್ಲದ ಮೊಪೆಡ್ಡಿಗೆ ಬಂದ ಕುದುರೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಓಡುವ ಮೊಪೆಡ್ ಕೊಟ್ಟು ಓಡದ ಕುದುರೆ ತಂದವನು ನಾನೇ. ಯಾರೂ ನನ್ನ ತಲೆ ಕೆಡಿಸಲಿಲ್ಲ. ಕೆಡಿಸುವಷ್ಟು ತಲೆ ನನಗಿದೆ ಅಂತ ಆಗ ಚಳ್ಳಕೆರೆಯಲ್ಲಿ ಯಾರಿಗೂ ಅನುಮಾನ ಇರಲಿಲ್ಲ.

ಬಳ್ಳಾರಿ ರಸ್ತೆಯಲ್ಲಿ ಅಬ್ಬಾನ ಗ್ಯಾರೇಜು. ಲಾರಿ ರಿಪೇರಿ ಅಬ್ಬಾನ ಕೆಲಸ, ಸ್ಪ್ಯಾನರ್ ಎತ್ತಿಕೊಡುತ್ತಾ ಗಿರಾಕಿಗಳನ್ನು ಅಣಕಿಸುವುದು ನನ್ನ ಕೆಲಸ. ಟಗರಿನಿಂದ ಹಿಡಿದು ತಹಶೀಲ್ದಾರರವರೆಗೆ ಯಾರ ದನಿ ಬೇಕಾದರೂ ತೆಗೆಯುತ್ತಿದ್ದೆ. ಲಾರಿ ರಿವರ್ಸ್ ಹಾರ್ನ್ ಎಷ್ಟು ಚೆನ್ನಾಗಿ ಮಾಡುತ್ತಿದ್ದೆನೆಂದರೆ ಒಮ್ಮೆ ಅಬ್ಬಾ ಹೆದರಿ ಚರಂಡಿಗೆ ಹಾರಿದ್ದರು. ಆವತ್ತು ತಿಂದ ಏಟಿನ ಸದ್ದನ್ನೂ ಆಮೇಲೆ ಚೆನ್ನಾಗಿ ಮಾಡುತ್ತಿದ್ದೆ.

ಒಂದು ಬೆಳಿಗ್ಗೆ ಬಿ.ಜಿ. ಕೆರೆ ಕಡೆಯ ಕುರಿಗಾರರು ಮಂದೆ ಹೊಡೆದುಕೊಂಡು ಬಂದು ಗ್ಯಾರೇಜಿನ ಮುಂದೆ ನೀರಿಗೆ ನಿಂತರು. ಜೊತೆಗೊಂದು ಕೆಂಚು ಬಣ್ಣದ ಹೆಣ್ಣುಕುದುರೆ. ಅದರ ಬೆನ್ನಿನ ಎರಡೂ ಕಡೆ ಇಳಿಬಿಟ್ಟ ಚೀಲಗಳಿಂದ ಎಳೇ ಮರಿಗಳು ತಲೆ ಹೊರಗೆ ಹಾಕಿ ಅರಚುತ್ತಿದ್ದವು. ನಾನು ಚೀಲ ನೋಡಲಿಲ್ಲ, ಮರಿ ನೋಡಲಿಲ್ಲ. ಚೀಲದ ಜಾಗದಲ್ಲಿ ನನ್ನೆರಡು ಕಾಲು ಇಳಿಬಿದ್ದಿರುವುದನ್ನು ನೋಡಿದೆ. ಊರಿನಲ್ಲಿ ಮೊಪೆಡ್ ಇದ್ದವರು ಬೇಕಾದಷ್ಟು ಜನ. ಕುದುರೆ ಮೇಲೆ ಬರುವವನು ಒಬ್ಬನೂ ಇಲ್ಲ.

ನಾನು ಕುದುರೆ ನೋಡಿದ ಹಾಗೆಯೇ ಕುರಿಗಾರರ ಜೊತೆಗಿದ್ದ ಒಬ್ಬ ಅಜ್ಜಿಯ ಮೊಮ್ಮಗ ನನ್ನ ಮೊಪೆಡ್ ನೋಡುತ್ತಿದ್ದ. ಅವನೂ ನನ್ನ ವಾರಿಗೆಯವನೇ, ಬುದ್ಧಿಯಲ್ಲೂ ಅಂತ ಕಾಣುತ್ತೆ. ಅದಲುಬದಲಿನ ಮಾತು ಬೇಗ ಮುಗಿಯಿತು. ಮಂದೆಯ ಯಜಮಾನಿಯಾದ ಆ ಅಜ್ಜಿ ಮೊಪೆಡ್ಡಿನ ಸೀಟು ತಟ್ಟಿ ಕೇಳಿದಳು:

"ಗಾಡಿ ಚೆನ್ನಾಗಿ ಹೋಗ್ತೈತಾ ತಮ್ಮಾ?"

"ಹೋಗುತ್ತಜ್ಜೀ, ಸಖತ್ತಾಗಿ ಹೋಗುತ್ತೆ" ಅಂದೆ. ಹೋಗುವುದರ ಬಗ್ಗೆ ತಾನೇ ಕೇಳಿದ್ದು? ನಿಲ್ಲುವುದರ ಬಗ್ಗೆ ನಾನು ಬಾಯಿ ಬಿಡಲಿಲ್ಲ. ಆ ಮೊಪೆಡ್ಡಿನ ಬ್ರೇಕು ಹಿಡಿದರೆ ಅದು ನಿಧಾನ ಆಗಬೇಕೋ ಬೇಡವೋ ಅಂತ ಯೋಚನೆ ಶುರು ಮಾಡುತ್ತಿತ್ತು, ಅಷ್ಟೇ. ನಿಲ್ಲಿಸಬೇಕಾದರೆ ಎರಡೂ ಚಪ್ಪಲಿ ನೆಲಕ್ಕೆ ತಿಕ್ಕಬೇಕು. ಊರಿನ ಬ್ರೇಕೆಲ್ಲ ಸರಿಮಾಡುವ ಅಬ್ಬಾ ಮನೆಯ ಗಾಡಿಗೆ ಮಾತ್ರ "ಮುಂದಿನ ವಾರ" ಅನ್ನುತ್ತಿದ್ದರು.

"ಕುದುರೆ ಹೋಗುತ್ತಾ ಅಜ್ಜೀ?"

"ಓ, ಹೋಗ್ತೈತೆ" ಅಂದಳು. ಯಾವಾಗ ಅಂತ ಅವಳೂ ಹೇಳಲಿಲ್ಲ.

ಮಧ್ಯಾಹ್ನ ಅಬ್ಬಾ ಬಂದರು. ನಮ್ಮ ಮನೆಮಾತು ಉರ್ದು, ಇಲ್ಲಿ ಕನ್ನಡ ಮಾಡಿ ಹೇಳುತ್ತಿದ್ದೇನೆ. ಬೈಗುಳಗಳನ್ನು ಮಾತ್ರ ಅಲ್ಲೇ ಬಿಟ್ಟಿದ್ದೇನೆ, ಅವು ಕನ್ನಡದಲ್ಲಿ ಸಪ್ಪೆಯಾಗುತ್ತವೆ. ಅಬ್ಬಾ ಕುದುರೆಯ ಸುತ್ತ ಒಂದು ಸುತ್ತು ಬಂದು, "ಇದರ ಕಿಕ್ ಎಲ್ಲಿದೆ?" ಅಂದರು.

"ಹಿಂದೆ ನಿಂತ್ಕೊಳ್ಳಿ ಅಬ್ಬಾ, ಸಿಗುತ್ತೆ."

ಆವತ್ತು ನನಗೆ ಊಟ ಸಿಗಲಿಲ್ಲ.

ಹಗ್ಗ ಹಿಡಿದು ಎಳೆದರೆ ಕುದುರೆ ಹಿಂದೆ ಬರುತ್ತಿತ್ತು, ಅದರಲ್ಲೇನೂ ತಕರಾರಿಲ್ಲ. ಬೆನ್ನ ಮೇಲೆ ಹತ್ತಿ ಕೂತರೆ ಮುಗಿಯಿತು, ಯಾರೋ ನೆಟ್ಟು ಹೋದ ಕಲ್ಲಿನ ಹಾಗೆ ನಿಂತುಬಿಡುವುದು. ಬೀಳಿಸುತ್ತಿರಲಿಲ್ಲ, ಒದೆಯುತ್ತಿರಲಿಲ್ಲ. ಸಿಟ್ಟಾದರೂ ಮಾಡಿದ್ದರೆ ಮರ್ಯಾದೆ ಇರುತ್ತಿತ್ತು. ನಾನು ಮೇಲಿದ್ದೇನೆ ಅನ್ನುವುದೇ ಅದಕ್ಕೆ ಸುದ್ದಿಯಲ್ಲ.

ಊರಿಗೆ ಸುದ್ದಿಯಾಯಿತು. ಮೊದಲು ಬಂದವರು ಎದುರುಮನೆಯ ಟಾಂಗಾ ಚಾಚಾ. ಆಟೋಗಳು ಬಂದು ಅವರ ಟಾಂಗಾ ಹಿತ್ತಲು ಸೇರಿತ್ತು, ಕುದುರೆ ಯಾವತ್ತೋ ಹೋಗಿತ್ತು, ಚಾಟಿ ಮಾತ್ರ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. "ಲಗಾಮು ಬಿಗಿ ಹಿಡಿಯೋ! ಸಡಿಲ ಬಿಟ್ಟೆಯಾ, ಅದು ಯಜಮಾನ, ನೀನು ಪ್ಯಾಸೆಂಜರ್" ಅಂದರು.

ಬಿಗಿ ಹಿಡಿದೆ. ಅಷ್ಟರಲ್ಲಿ ಪಕ್ಕದ ಬೀದಿಯ ರಿಟೈರ್ಡ್ ಹೆಡ್ ಕಾನ್‌ಸ್ಟೇಬಲ್ಲು ವಾಕಿಂಗ್ ಬಂದರು. ಚಿಕ್ಕ ವಯಸ್ಸಿನಲ್ಲಿ ಕುದುರೆ ಪಡೆಯಲ್ಲಿದ್ದೆ ಅಂತ ಅವರೇ ಹೇಳಿಕೊಳ್ಳುತ್ತಿದ್ದರು, ಬೇರೆ ಯಾರೂ ಹೇಳಿದ್ದು ಕೇಳಿಲ್ಲ. "ಏ, ಸಡಿಲ ಬಿಡಯ್ಯಾ! ಹಂಗೆ ಎಳೆದರೆ ಕುದುರೆ ಬಾಯಿ ಸತ್ತೇ ಹೋಗುತ್ತೆ. ಬೆನ್ನು ನೆಟ್ಟಗೆ! ಗದ್ದ ಮೇಲೆ! ಮಂಡಿ ಒಳಗೆ!" ನಾನು ಗದ್ದ ಎತ್ತಿದರೆ ಬೆನ್ನು ಬಾಗುವುದು, ಬೆನ್ನು ನೆಟ್ಟಗಾದರೆ ಮಂಡಿ ಹೊರಬರುವುದು. ನನ್ನ ಮೈಯಲ್ಲಿ ಇಷ್ಟೊಂದು ಭಾಗಗಳಿವೆ ಅಂತ ಆವತ್ತೇ ಗೊತ್ತಾದದ್ದು.

ಅಬ್ಬಾ ಸುಮ್ಮನಿರುತ್ತಾರೆಯೇ? ಲಾರಿ ಅಡಿಯಿಂದಲೇ ತಲೆ ಹೊರಗೆ ಹಾಕಿ, "ಬೆಳಿಗ್ಗೆ ಎದ್ದ ತಕ್ಷಣ ಹತ್ತಬೇಡ, ಬಿಸಿ ಆಗಲಿ. ಹುರುಳಿ ಕಮ್ಮಿ ಮಾಡು, ಎಲ್ಲೋ ಬ್ಲಾಕ್ ಆಗಿದೆ" ಅಂದರು. ಹುರುಳಿ ಬೇಯಿಸಿ ಕೊಡು ಅಂತ ಚಾಚಾ, ನೆನೆಸಿ ಕೊಡು ಅಂತ ಹೆಡ್ ಕಾನ್‌ಸ್ಟೇಬಲ್ಲು. ಒಂದು ಬಕೆಟ್ ಹುರುಳಿಗೆ ಇಬ್ಬರೂ ಒಂದು ವಾರ ಮಾತು ಬಿಟ್ಟರು.

ನಾನು ಮೂವರ ಮಾತೂ ಕೇಳಿದೆ. ಬರೀ ಕೇಳಿದ್ದಲ್ಲ, ಅವರ ದನಿಯಲ್ಲೇ ಕುದುರೆಗೂ ಹೇಳಿದೆ. ಬೆಳಿಗ್ಗೆ ಚಾಚಾ ಆಗಿ ಲಗಾಮು ಬಿಗಿದು, ವೀಳ್ಯದೆಲೆ ತುಂಬಿದ ಬಾಯಲ್ಲಿ "ಚಲ್ ಬೇಟಿ, ಚಲ್ ಚಲ್!" ಸಂಜೆ ಹೆಡ್ ಕಾನ್‌ಸ್ಟೇಬಲ್ಲಾಗಿ ಲಗಾಮು ಸಡಿಲಿಸಿ, ಮೂಗಿನಲ್ಲಿ "ಮುಂದೆ ನಡೀ!" ಮಧ್ಯಾಹ್ನ ಅಬ್ಬಾ ಆಗಿ ಸುಮ್ಮನೆ ಬೈಗುಳ. ಗ್ಯಾರೇಜಿಗೆ ಬಂದವರು ನಗುತ್ತಿದ್ದರು, ಕುದುರೆ ಮಾತ್ರ ನಿಂತೇ ಇರುತ್ತಿತ್ತು. ಎಲ್ಲಾ ಬಿಟ್ಟು ನನ್ನ ದನಿಯಲ್ಲೇ ಹೇಳೋಣ ಅಂದುಕೊಂಡು ಒಂದು ದಿನ ಬಾಯಿ ತೆರೆದರೆ, ಏನು ಹೇಳಬೇಕೆಂದೇ ಹೊಳೆಯಲಿಲ್ಲ. ಕುದುರೆ ಕಿವಿ ತಿರುಗಿಸಿ ಕಾಯಿತು. ನಾನೂ ಕಾದೆ. ಆಮೇಲೆ ಇಬ್ಬರೂ ಮನೆಗೆ ಹೋದೆವು, ನಾನು ಇಳಿದು ಎಳೆದುಕೊಂಡು.

ಹೀಗಿರುವಾಗ ಬಕ್ರೀದ್ ಹತ್ತಿರ ಬಂತು. ನಮ್ಮ ಮೊಹಲ್ಲಾದ ಮನೆಮನೆ ಮುಂದೆ ಕುರಿ ಟಗರು ಕಟ್ಟಿದ್ದರು. ಗಲ್ಲಿ ತುಂಬಾ ಅವುಗಳ ಅರಚಾಟ. ಅದೇ ವಾರ ಒಂದು ದಿನ ಹತ್ತಿ ಕೂತೆ ನೋಡಿ, ಕುದುರೆ ಹೊರಟೇಬಿಟ್ಟಿತು! ಗಲ್ಲಿ ಈ ತುದಿಯಿಂದ ಆ ತುದಿಗೆ, ಅಲ್ಲಿಂದ ಮಸೀದಿ ಮುಂದೆ, ಅಲ್ಲಿಂದ ವಾಪಸ್. ನಡಿಗೆ ಎಂದರೆ ಮದುವೆ ಮನೆಗೆ ಹೊರಟ ಹೆಂಗಸಿನ ಹಾಗೆ, ಆತುರವಿಲ್ಲ, ನಿಲ್ಲುವುದೂ ಇಲ್ಲ.

"ನೋಡಿದೆಯಾ, ಬಿಗಿ ಹಿಡಿ ಅಂದಿದ್ದೆ" ಅಂದರು ಚಾಚಾ.

"ಸಡಿಲ ಬಿಟ್ಟದ್ದಕ್ಕೆ ಬಂತು" ಅಂದರು ಹೆಡ್ ಕಾನ್‌ಸ್ಟೇಬಲ್ಲು.

"ಬ್ಲಾಕ್ ಕ್ಲಿಯರ್ ಆಯ್ತು" ಅಂದರು ಅಬ್ಬಾ.

ನಾನಂತೂ ಕುದುರೆ ಮೇಲೆ ಇದ್ದದ್ದಕ್ಕಿಂತ ಎತ್ತರದಲ್ಲಿದ್ದೆ. ಗದ್ದ ತಾನಾಗಿಯೇ ಮೇಲೆ ಹೋಗಿತ್ತು. ಕಾಲೇಜಿನ ಹುಡುಗರಿಗೆ ಕುದುರೆ ಪಳಗಿಸುವುದರ ಬಗ್ಗೆ ನಾನೇ ಸಲಹೆ ಕೊಡಲು ಶುರು ಮಾಡಿದೆ, ಅವರ ಹತ್ತಿರ ಸೈಕಲ್ಲೂ ಇರಲಿಲ್ಲ. ಅದೇ ಹುರುಪಿನಲ್ಲಿ ಅಮ್ಮಿಯ ಅಕ್ಕನ ಮಗನಿಗೆ ಮಾತು ಕೊಟ್ಟುಬಿಟ್ಟೆ. ಹಬ್ಬ ಕಳೆದ ಮರುವಾರ ಅವನ ಮದುವೆ, ಹೆಣ್ಣು ಮೊಳಕಾಲ್ಮುರಿನದು. "ಭಾಯ್, ನಿನ್ನ ಬರಾತಿನ ಮೆರವಣಿಗೆ ನನ್ನ ಕುದುರೆ ಮೇಲೆ." ಅವನು ತಬ್ಬಿಕೊಂಡ. ಪಾಪ.

ಅಬ್ಬಾ ಕೈ ಒರೆಸಿಕೊಳ್ಳುತ್ತಾ ಒಂದೇ ಮಾತು ಹೇಳಿದರು. "ಮದುಮಗನನ್ನ ಶಾದಿಮಹಲಿಗೆ ಮರ್ಯಾದೆಯಿಂದ ಮುಟ್ಟಿಸಿದರೆ ಕುದುರೆ ನಿನ್ನದು. ಇಲ್ಲದಿದ್ದರೆ ನನ್ನ ಮೊಪೆಡ್ ಈ ಅಂಗಳಕ್ಕೆ ವಾಪಸ್ ಬರಬೇಕು."

ಹಬ್ಬ ಆಯಿತು. ಮಾಂಸ ಹಂಚುವುದು, ಬಟ್ಟೆ ಹೊಲಿಸುವುದು, ಕುದುರೆ ಹತ್ತಲು ಪುರುಸೊತ್ತಾಗಲಿಲ್ಲ. ಮದುವೆಯ ಬೆಳಿಗ್ಗೆ ಕಡಲೆಕಾಯಿ ಮಿಲ್ಲಿನ ಖಾಲಿ ಲಾರಿಯಲ್ಲಿ ಅದನ್ನು ಮೊಳಕಾಲ್ಮುರಿಗೆ ತಂದೆ. ಜರಿ ಹೊದಿಸಿ, ಕೊರಳಿಗೆ ಗೆಜ್ಜೆ ಕಟ್ಟಿ ನಿಲ್ಲಿಸಿದರೆ ಯಾರ ದೃಷ್ಟಿಯಾದರೂ ತಾಗಬೇಕು. ಭಾಯ್ ಹತ್ತಿದ. ಮುಖದ ತುಂಬಾ ಸೆಹರಾ, ಮಲ್ಲಿಗೆ ಹೂವಿನ ಪರದೆ. ಮೂಗು ಎಲ್ಲಿ ಬಾಯಿ ಎಲ್ಲಿ ಅಂತ ಕಾಣುತ್ತಿರಲಿಲ್ಲ. ಬ್ಯಾಂಡಿನವರು ಜೋರಾಗಿ ಬಾರಿಸುತ್ತಾ ಹೊರಟರು, ಜನ ಕುಣಿಯುತ್ತಾ ಹೊರಟರು, ರೇಷ್ಮೆ ಸೀರೆ ಅಂಗಡಿಗಳ ಮೂಲೆ ತಿರುಗಿಯೂ ಬಿಟ್ಟರು. ಹಿಂದೆ ತಿರುಗಿ ನೋಡಿದವರು ಯಾರೂ ಇಲ್ಲ.

ಕುದುರೆ ಹೊರಟಿರಲಿಲ್ಲ.

ಬೀದಿಯಲ್ಲಿ ಉಳಿದವರು ಭಾಯ್, ನಾನು, ನನ್ನ ಮೂವರು ಗುರುಗಳು. ಪಕ್ಕದ ಮನೆಗಳ ಮಗ್ಗದ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು.

"ಬಿಗಿ ಹಿಡಿ!" "ಸಡಿಲ ಬಿಡು!" "ಹಿಂದಿನಿಂದ ತಳ್ಳೋಣ, ಸೆಕೆಂಡ್ ಗೇರಲ್ಲಿ ಹೊರಡುತ್ತೆ!" ಚಾಚಾ ಮುಂದಿನಿಂದ ಎಳೆದರು, ಹೆಡ್ ಕಾನ್‌ಸ್ಟೇಬಲ್ಲು ಚಾಚಾನನ್ನು ಹಿಂದಕ್ಕೆ ಎಳೆದರು, ಅಬ್ಬಾ ಹೊಸ ಶೇರ್ವಾನಿಯಲ್ಲಿ ಕುದುರೆಯ ಹಿಂಭಾಗಕ್ಕೆ ಭುಜ ಕೊಟ್ಟರು. ಹೂವಿನೊಳಗಿಂದ ಭಾಯ್ ದನಿ ಬಂತು: "ಏನಾಯ್ತೋ? ಮುಟ್ಟಿದ್ವಾ?"

ನಮ್ಮಲ್ಲಿ ಮದುಮಗನನ್ನು ಬಕ್ರಾ, ಅಂದರೆ ಬಲಿಯ ಹೋತ, ಅಂತ ರೇಗಿಸುವುದುಂಟು. ಹಾರ ಹಾಕಿಸಿಕೊಂಡು, ಎಲ್ಲಿಗೆ ಹೋಗುತ್ತಿದ್ದೇನೆಂದು ಕಾಣದೆ ಕೂತಿದ್ದ ಅವನನ್ನು ನೋಡಿ, ನನ್ನ ಕುದುರೆಯೂ ಮರ್ಯಾದೆಯೂ ಒಟ್ಟಿಗೆ ಹೋಗುತ್ತಿದ್ದ ಆ ಗಳಿಗೆಯಲ್ಲೂ ನನ್ನ ಬಾಯಿ ಸುಮ್ಮನಿರಲಿಲ್ಲ. ಅವನ ಕಾಲ ಹತ್ತಿರ ನಿಂತು, ಎಳೇ ಮರಿಯ ದನಿ ತೆಗೆದೆ: "ಬ್ಯಾ...ಆ...ಆ..."

ಕುದುರೆಯ ಎರಡೂ ಕಿವಿ ಹಿಂದಕ್ಕೆ ತಿರುಗಿದವು. ಹೊರಟಿತು. ಅಬ್ಬಾ ಮುಗ್ಗರಿಸಿ ಮಣ್ಣಿಗೆ ಬಿದ್ದರು.

ನಾನು ಆಶ್ಚರ್ಯದಿಂದ ಬಾಯಿ ಮುಚ್ಚಿದೆ. ನಿಂತಿತು. "ಬ್ಯಾ..." ಹೊರಟಿತು. ಅರ್ಥವಾಗಲು ಅಷ್ಟು ಸಾಕಿತ್ತು. ಹಬ್ಬದ ವಾರ ಗಲ್ಲಿಯಲ್ಲಿ ಇದನ್ನು ನಡೆಸಿದ್ದು ನಾನೂ ಅಲ್ಲ, ಲಗಾಮೂ ಅಲ್ಲ, ಹುರುಳಿಯೂ ಅಲ್ಲ. ಬಾಗಿಲಿಗೆ ಕಟ್ಟಿದ್ದ ಕುರಿಗಳು. ಈಗ ಅವು ಇಲ್ಲ, ಬಿರಿಯಾನಿ ಆಗಿ ಹೋಗಿದ್ದವು. ಉಳಿದವನು ನಾನೊಬ್ಬ.

ಮೊಳಕಾಲ್ಮುರಿನ ಬೀದಿಯುದ್ದಕ್ಕೂ ಅರಚಿದೆ. ನಾನು ಕುದುರೆಯ ಆ ಕಡೆ ಬಗ್ಗಿ ನಡೆಯುತ್ತಿದ್ದರಿಂದ ಜನರಿಗೆ ಕಂಡದ್ದು ಮುಖ ಮುಚ್ಚಿಕೊಂಡ ಮದುಮಗ ಮಾತ್ರ, ದನಿ ಬರುತ್ತಿದ್ದದ್ದು ಆ ಹೂವಿನೊಳಗಿಂದ. ನೇಯ್ಗೆಯವರ ಮನೆಯ ಮುದುಕಿಯೊಬ್ಬಳು ಮಗ್ಗ ನಿಲ್ಲಿಸಿ ಹೊಸ್ತಿಲಿಗೆ ಬಂದು, ಆ ಕಡೆಯ ತೆಲುಗಿನಲ್ಲಿ, "ಪೆಳ್ಳಿಕೊಡುಕಾ, ಪೊಟ್ಟೇಲಾ?" ಅಂದಳು. ಮದುಮಗನೋ, ಟಗರೋ? ಭಾಯ್ ಒಳಗಿನಿಂದ "ನಾನಲ್ಲ, ನಾನಲ್ಲ" ಅಂದ. ಉಸಿರು ಕಟ್ಟಿ ಅದೂ ಹಾಗೆಯೇ ಕೇಳಿಸಿತು. ಅಷ್ಟರಲ್ಲಿ ವಾಪಸ್ ಓಡಿಬಂದ ವಿಡಿಯೋದವನು ಎಲ್ಲವನ್ನೂ ಹಿಡಿದ. ಹೆಣ್ಣಿನ ಕಡೆಯವರು ಶಾದಿಮಹಲಿನ ಬಾಗಿಲಲ್ಲಿ ಅತ್ತರು ಹಿಡಿದು ನಿಂತವರು ಹಾಗೇ ನಿಂತರು. ನಿಕಾಹ್‌ಗೆ ಮುಂಚೆ ಹೆಣ್ಣು ತನ್ನ ತಂಗಿಯನ್ನು ಕಳಿಸಿ ಕೇಳಿಸಿದಳಂತೆ: "ಅದು ಅವರದೇ ದನಿನಾ, ಕೇಳ್ಕೊಂಡು ಬಾ."

ಊಟವಾದ ಮೇಲೆ ಪಂಚಾಯ್ತಿ. ಮುಟ್ಟಿಸಿದ್ದೇನೆ ಅಂತ ನಾನು. ಮರ್ಯಾದೆಯಿಂದ ಅಂದಿದ್ದೆ ಅಂತ ಅಬ್ಬಾ, ಶೇರ್ವಾನಿಯ ಮಣ್ಣು ತೋರಿಸಿ. ಚಾಚಾ ಎಲೆ ಉಗಿದು, "ವಾಪಸ್ ಕೊಡು" ಅಂದರು. ಹೆಡ್ ಕಾನ್‌ಸ್ಟೇಬಲ್ಲೂ "ವಾಪಸ್ ಕೊಡು" ಅಂದರು. ಇಷ್ಟು ದಿನದಲ್ಲಿ ಮೂವರೂ ಒಂದೇ ಮಾತು ಹೇಳಿದ್ದು ಅದೊಂದೇ ಸಲ. ಅದಕ್ಕೇ ನನಗೆ ಅನುಮಾನ ಬಂದದ್ದು.

ಆದರೂ ಅಪ್ಪನ ಮಾತು. ಮಾರನೆಯ ಬೆಳಿಗ್ಗೆ ಮೊಳಕಾಲ್ಮುರಿನಿಂದ ಒಬ್ಬನೇ ಕುದುರೆ ಎಳೆದುಕೊಂಡು ಬಿ.ಜಿ. ಕೆರೆ ದಾರಿ ಹಿಡಿದೆ. ಊರು ದಾಟಿದ ಮೇಲೆ ಹತ್ತಿ ಕೂತು ಒಂದು ಸಲ ಅರಚಿದೆ. ಹೊರಟಿತು. ಎರಡೂ ಕಡೆ ಬಂಡೆ, ಸೀಮೆಜಾಲಿ, ಖಾಲಿ ಹೊಲ. ಬೆನ್ನ ಮೇಲೆ ಮರಿ ಅರಚಿದರೆ ಮಂದೆ ಹೊರಟಿದೆ ಎಂದರ್ಥ, ಮರಿ ಸುಮ್ಮನಾದರೆ ಬಿಡಾರ ಬಂತು ಎಂದರ್ಥ. ಪಾಪದ್ದು ಹುಟ್ಟಿದಾಗಿನಿಂದ ಕಲಿತದ್ದು ಅಷ್ಟೇ. ನಾನು ಹತ್ತಿದಾಗಲೆಲ್ಲ ಅದು ಮೊಂಡು ಹಿಡಿದಿರಲಿಲ್ಲ, ಬಿಡಾರ ಬಂತು ಅಂದುಕೊಂಡಿತ್ತು. ಲಗಾಮನ್ನು ಬಿಗಿಯೂ ಅಲ್ಲ, ಸಡಿಲವೂ ಅಲ್ಲ, ಕೈಗೆ ಸರಿಹೋದಷ್ಟು ಹಿಡಿದೆ. ಗದ್ದ ಎಲ್ಲಿತ್ತೋ ನೋಡಿಕೊಳ್ಳಲಿಲ್ಲ. ರಾಯದುರ್ಗದ ಬಸ್ಸೊಂದು ದಾಟುವಾಗ ಕಿಟಕಿಯ ಜನರೆಲ್ಲ ನನ್ನನ್ನೇ ನೋಡಿದರು. ನಾನು ಅವರಿಗೂ ಒಂದು "ಬ್ಯಾ" ಅಂದೆ. ಕುದುರೆ ಸ್ವಲ್ಪ ಜೋರಾಯಿತು. ಬಿ.ಜಿ. ಕೆರೆ ದೂರದಲ್ಲಿ ಕಂಡಾಗ ಇಷ್ಟು ಬೇಗ ಯಾಕೆ ಬಂತು ಅನ್ನಿಸಿತು.

ಊರ ಹೊರಗೆ ಕಡಲೆಕಾಯಿ ಕಿತ್ತ ಹೊಲದಲ್ಲಿ ಮಂದೆ ಇತ್ತು. ಬೇವಿನ ಮರಕ್ಕೆ ನನ್ನ ಮೊಪೆಡ್ ಒರಗಿಸಿದ್ದರು. ಮುಂದಿನ ಮಡ್‌ಗಾರ್ಡು ಕಿವಿ ಹಿಂಡಿದ ಹಾಗೆ ತಿರುಚಿತ್ತು. ಮೊಮ್ಮಗನ ಮಂಡಿಗೆ ಬಟ್ಟೆ ಸುತ್ತಿತ್ತು, ಅವನು ನನ್ನ ಮುಖ ನೋಡಲಿಲ್ಲ. ನಾನೂ ಅವನ ಮಂಡಿ ನೋಡಲಿಲ್ಲ.

"ಏನ್ ತಮ್ಮಾ, ನಮ್ಮ ಹುಡುಗಿ ಚೆನ್ನಾಗವಳಾ?" ಅಂತ ಅಜ್ಜಿ ಕುದುರೆಯ ಮೂಗು ಸವರಿದಳು.

"ಅಜ್ಜೀ, ಇದು ಮರಿ ಕೂಗ್ದಿದ್ರೆ ಹೆಜ್ಜೆ ಎತ್ತಲ್ಲ! ಮೊದ್ಲೇ ಹೇಳಬಾರ್ದಿತ್ತಾ?"

"ನೀನು ಕೇಳಿದ್ಯಾ?"

"ಮದುವೇಲಿ ದಾರಿಯುದ್ದ ನಾನೇ ಕುರಿ ಥರ ಕೂಗ್ಕೊಂಡ್ ಹೋದೆ. ಅಬ್ಬಾ ಹೇಳಿದಾರೆ, ಕುದುರೆ ಬಿಟ್ಟು ಗಾಡಿ ತಗೊಂಡ್ ಬಾ ಅಂತ." ಹೇಳಿದೆ, ಆದರೆ ಲಗಾಮು ಬಿಡಲಿಲ್ಲ.

ಅಜ್ಜಿ ಮೊಪೆಡ್ ಕಡೆ ನೋಡಿದಳು, ಮೊಮ್ಮಗನ ಮಂಡಿ ನೋಡಿದಳು, ಲಗಾಮು ಹಿಡಿದ ನನ್ನ ಕೈ ನೋಡಿದಳು.

"ನಿನ್ ಗಾಡಿ ಮಂದೆ ಅಡ್ಡ ಬಂದ್ರೂ ನಿಲ್ಲಲ್ಲ, ಅದನ್ನ ನಾನು ಯಾರ ಮುಂದಾದ್ರೂ ಆಡಿದೀನಾ? ಬಾಯ್ ಮುಚ್ಕೊಂಡು ಇಟ್ಕೊಂಡಿದೀನಿ. ನೀನು ಬಾಯ್ ಬಿಟ್ಕೊಂಡು ಇಟ್ಕೋ, ಹೋಗು."