ದೊಡ್ಡಮ್ಮನ ಸೊಂಟದ ಹುಳುಕಡ್ಡಿ

ಮೊನ್ನೆ ಮಗನ ಜಿಮ್ ಬ್ಯಾಗ್ ತೆರೆದರೆ ಬೆವರಿನ ಮುಗ್ಗಲು ವಾಸನೆ, ಒಳಗೆ ಅರ್ಧ ಹಿಂಡಿದ ಮುಲಾಮಿನ ಟ್ಯೂಬು. ಏನೋ ಇದು ಅಂದರೆ ತೊಡೆ ಕೆರೆದುಕೊಂಡ. ನನಗೆ ನಂಜನಗೂಡಿನ ನಮ್ಮ ಪಕ್ಕದ ಮನೆ ದೊಡ್ಡಮ್ಮ ನೆನಪಾದರು...

ರಕ್ತಸಂಬಂಧವೇನಿಲ್ಲ, ಬೀದಿಗೆಲ್ಲ ಅವರು ದೊಡ್ಡಮ್ಮ. ಮದುವೆ ಮನೆಗಳಲ್ಲಿ ಒಬ್ಬಟ್ಟು ತಟ್ಟಿಯೇ ಅವರ ಜೀವನ. ಒಲೆ ಮುಂದೆ ಬೆವತು ಬೆವತು, ಲಂಗದ ಲಾಡಿ ಬಿಗಿದ ಜಾಗದಲ್ಲಿ ಹುಳುಕಡ್ಡಿ ಎದ್ದಿತ್ತು. ಅಂಚು ಕೆಂಪಗೆ, ನಡುವೆ ತಿಳಿಯಾದ ಉಂಗುರ. ನನಗೊಬ್ಬಳಿಗೆ ತೋರಿಸಿದರು.

“ಯಾರ್ಗೂ ಏಳ್ಬ್ಯಾಡ ಕಣ್ ಕೂಸು. ಗೊತ್ತಾದ್ರೆ ನನ್ ಕೈ ಒಬ್ಬಟ್ಟ ಯಾರ್ ತಿಂದಾರು?”

ಮೆಡಿಕಲ್ ಶಾಪಿನ ಮುಲಾಮು ಹಚ್ಚಿದರೆ ತುರಿಕೆ ನಿಲ್ಲುತ್ತಿತ್ತು, ಬಿಟ್ಟರೆ ಉಂಗುರ ಇನ್ನಷ್ಟು ಅಗಲ. ಕೊನೆಗೆ ನಂಜುಂಡೇಶ್ವರನಿಗೆ ಹರಕೆ ಹೊತ್ತರು. ಸೋಮವಾರ ಸೋಮವಾರ ಕಪಿಲೆಯಲ್ಲಿ ಮುಳುಗಿ, ಒದ್ದೆ ಸೀರೆಯಲ್ಲೇ ಪ್ರದಕ್ಷಿಣೆ. ಸೀರೆ ಮೈಮೇಲೇ ಒಣಗಬೇಕೆಂಬ ಹಟ ಬೇರೆ. ಹುಳುಕಡ್ಡಿ ಬೆನ್ನಿಗೂ ಹಬ್ಬಿತು...

ಊರಲ್ಲೇ ತೋರಿಸಿದರೆ ಸುದ್ದಿಯಾಗುತ್ತದೆಂದು ನರಸೀಪುರದ ಬಸ್ಸು ಹತ್ತಿದೆವು. ಅಲ್ಲಿನ ಲೇಡಿ ಡಾಕ್ಟರು ಹಳೇ ಟ್ಯೂಬನ್ನು ಕಸದ ಬುಟ್ಟಿಗೆ ಹಾಕಿದರು. ಅದು ತುರಿಕೆ ಅಡಗಿಸಿ ಫಂಗಸ್ಸನ್ನು ಒಳಗೊಳಗೇ ಬೆಳೆಸುತ್ತದಂತೆ. ಮಾತ್ರೆ, ಬೇರೆ ಮುಲಾಮು ಬರೆದರು. ಉಂಗುರದ ಆಚೆಗೂ ಹಚ್ಚಿ, ಮಾಯವಾದ ಮೇಲೂ ಕೆಲವು ವಾರ ಬಿಡಬೇಡಿ, ಬಟ್ಟೆ ಬಿಸಿಲಲ್ಲಿ ಒಣಗಿಸಿ, ಒದ್ದೆ ಸೀರೆ ಮಾತ್ರ ಬೇಡವೇ ಬೇಡ ಎಂದರು.

ದೊಡ್ಡಮ್ಮನ ಮುಖ ಸಣ್ಣದಾಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರು.

“ಒಣ ಸೀರೆ ಉಟ್ಕಂಡ್ ಬಂದ್ರೆ ನಂಜುಂಡ ಬಾಗ್ಲಾಕಂಡಾನ?” ಎಂದು ಕಿಟಕಿಯಾಚೆ ನೋಡುತ್ತ ಕೇಳಿದರು. ಮುಂದಿನ ಸೋಮವಾರ ಒಣ ಸೀರೆಯಲ್ಲೇ ಹೋದರು.

ವಾಸಿಯಾಯಿತು. ಸೊಂಟದಲ್ಲಿ ಕಪ್ಪು ಕಲೆಯೊಂದು ಉಳಿಯಿತು. ಆಮೇಲೊಮ್ಮೆ ಹತ್ತಿರದ ಹೆಡತಲೆ ಊರಿನ ಮದುವೆ ಮನೆಯಲ್ಲಿ, ಹೂರಣ ರುಬ್ಬುತ್ತಿದ್ದ ಹೆಂಗಸೊಬ್ಬಳು ಸೊಂಟ ಕೆರೆದುಕೊಂಡಳು. ಉಳಿದವರು ಮೂಗು ಮುರಿದು ಅವಳನ್ನು ಎಬ್ಬಿಸಿದರು. ದೊಡ್ಡಮ್ಮ ಒಬ್ಬಟ್ಟು ತಟ್ಟುವುದು ಬಿಟ್ಟು ಎದ್ದವರೇ, ಅಷ್ಟೂ ಜನರ ಮುಂದೆ ಸೆರಗು ಸರಿಸಿ ತಮ್ಮ ಕಲೆ ತೋರಿಸಿದರು.

“ನಂಗೂ ಬಂದಿತ್ತು ಕಣವ್ವ. ಮುಚ್ಕಂಡಷ್ಟೂ ಅಬ್ಬುತ್ತೆ. ನಾಳೆ ನರಸೀಪುರಕ್ಕೆ ಓಗದ, ಬಾ.”

ಆಮೇಲೆ ಕೆಲವು ಮನೆಯವರು ಅವರನ್ನು ಒಬ್ಬಟ್ಟಿಗೆ ಕರೆಯಲೇ ಇಲ್ಲ.

ದೊಡ್ಡಮ್ಮ ಈಗಿಲ್ಲ. ಮಗನ ಟ್ಯೂಬು ನೋಡಿದರೆ ಅದೇ ತುರಿಕೆ ಅಡಗಿಸುವ ಮುಲಾಮು. ಬುಟ್ಟಿಗೆಸೆದು, ನಡಿ ಡಾಕ್ಟರ ಹತ್ತಿರ ಅಂದೆ. ಯಾರಾದರೂ ನೋಡಿದರೆ ಅಂತ ಗೊಣಗಿದ. ದೊಡ್ಡಮ್ಮ ಇದ್ದಿದ್ದರೆ ಅವನ ಮುಂದೆಯೂ ಸೆರಗು ಸರಿಸಿ ಆ ಕಲೆ ತೋರಿಸಿಬಿಡುತ್ತಿದ್ದರು...